ಕೇಳದೆ ತೆಗೆದ ಫೋಟೊ: ನಾಚಿಕೆ ಯಾರಿಗೆ?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ನಮ್ಮ ಸಂಘಗಳ ಸಭೆಗಳಲ್ಲಿ ಉಳಿತಾಯ, ಸಾಲ, ಮರುಪಾವತಿಯ ಮಾತು ಜೋರಾಗಿ ನಡೆಯುತ್ತದೆ. ಆದರೆ ಕೆಲವು ಮಾತುಗಳು ಸಭೆ ಮುಗಿದು, ಪುಸ್ತಕ ಮಡಚಿ, ಪೆಟ್ಟಿಗೆಗೆ ಕೀಲಿ ಹಾಕಿದ ಮೇಲೆಯೇ ಹೊರಗೆ ಬರುತ್ತವೆ. ಅದೂ ಕಿವಿಯಲ್ಲಿ. "ಯಾರೋ ಫೋಟೊ ಹೊಡದಾರಂತ್ರೀ", "ಮೊಬೈಲ್‌ದಾಗ ಬಂದೈತಂತ್ರೀ", "ಹೇಳಿದ್ರ ನಮ್ಮ ಮರ್ಯಾದಿನ ಹೋಗ್ತೈತ್ರೀ" ಅನ್ನುವ ಮಾತುಗಳು. ಕಿವಿಯಲ್ಲಿ ಆಡುವ ಈ ಮಾತು ಸಭೆಯ ನಡುವೆ ಬರಬೇಕು. ಯಾಕೆಂದರೆ, ಗೊತ್ತಿಲ್ಲದೆ ತೆಗೆದ ಫೋಟೊಕ್ಕೆ ಶಕ್ತಿ ಬರುವುದೇ ನಮ್ಮ ಬಾಯಿ ಮುಚ್ಚಿದಾಗ.

ಏನು ಬದಲಾಗಿದೆ?

ಮೊದಲು ಫೋಟೊ ಅಂದರೆ ಒಂದು ಕಾರ್ಯಕ್ರಮ. ಊರಿಂದ ಬಸ್ ಹತ್ತಿ ಸಿಂದಗಿಗೋ ಇಂಡಿಗೋ ಹೋಗಿ, ಸ್ಟುಡಿಯೋದಲ್ಲಿ ಸೆರಗು ಸರಿ ಮಾಡಿಕೊಂಡು ಕುಳಿತರೆ ಫೋಟೊದವರು "ಕಣ್ಣು ಮುಚ್ಚಬ್ಯಾಡ್ರಿ" ಅನ್ನುತ್ತಿದ್ದರು. ಒಂದು ರೋಲಿನಲ್ಲಿ 36 ಫೋಟೊ. ಪ್ರತಿಯೊಂದಕ್ಕೂ ದುಡ್ಡು. ಹಾಗಾಗಿ ಯಾರ ಫೋಟೊ, ಯಾತಕ್ಕೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು.

ಈಗ ಕ್ಯಾಮೆರಾ ಪ್ರತಿಯೊಬ್ಬರ ಕಿಸೆಯಲ್ಲಿದೆ. ಸಪ್ಪಳ ಬರುವುದಿಲ್ಲ, ಬೆಳಕು ಹೊಡೆಯುವುದಿಲ್ಲ, ಖರ್ಚಿಲ್ಲ. ಫೋನಿನಲ್ಲಿ ಮಾತನಾಡುವವನಂತೆ ನಿಂತು ವಿಡಿಯೋ ತೆಗೆಯಬಹುದು. ತೆಗೆದದ್ದು ಅರೆಗಳಿಗೆಯಲ್ಲಿ ನೂರು ಜನರಿಗೆ ಹೋಗುತ್ತದೆ. ಫೋಟೊ ತೆಗೆಯುವ ಕೆಲಸ ಹಗುರವಾದಷ್ಟೂ, ತೆಗೆಸಿಕೊಂಡವಳ ಮೇಲೆ ಬೀಳುವ ಭಾರ ಹೆಚ್ಚಾಗಿದೆ.

ಬೆಂಗಳೂರಿನಲ್ಲಿ ನಡೆದದ್ದು

ಇದು ಹಳ್ಳಿಯ ಬಡ ಹೆಣ್ಣುಮಕ್ಕಳಿಗೆ ಮಾತ್ರ ಆಗುವುದಲ್ಲ. 2025ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಂದು ಪ್ರಕರಣ ಬಯಲಿಗೆ ಬಂತು. ನಮ್ಮ ಮೆಟ್ರೋ ರೈಲಿನಲ್ಲಿ ಓಡಾಡುವ ಹೆಣ್ಣುಮಕ್ಕಳನ್ನು ಅವರಿಗೆ ಗೊತ್ತಾಗದಂತೆ ಮೊಬೈಲಿನಲ್ಲಿ ಸೆರೆಹಿಡಿದು, ಇನ್‌ಸ್ಟಾಗ್ರಾಂನ ಒಂದು ಖಾತೆಯಲ್ಲಿ ಹಾಕಲಾಗುತ್ತಿತ್ತು. ಸಾವಿರಾರು ಜನ ಅದನ್ನು ನೋಡುತ್ತಿದ್ದರು. ಆ ಹೆಣ್ಣುಮಕ್ಕಳು ಕೆಲಸಕ್ಕೆ, ಕಾಲೇಜಿಗೆ ಹೊರಟವರು. ಪೊಲೀಸರು ಪ್ರಕರಣ ದಾಖಲಿಸಿ ಒಬ್ಬನನ್ನು ಬಂಧಿಸಿದರು.

ಅದೇ ವರ್ಷ ಜುಲೈನಲ್ಲಿ ಚರ್ಚ್ ಸ್ಟ್ರೀಟ್ ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಹೆಣ್ಣುಮಕ್ಕಳ ವಿಡಿಯೋ ಹೀಗೆಯೇ ಹರಿದಾಡಿತು. ಅವರಲ್ಲಿ ಒಬ್ಬ ಯುವತಿ ಸುಮ್ಮನೆ ಕೂಡಲಿಲ್ಲ. "ನನ್ನನ್ನು ಕೇಳದೆ ತೆಗೆದಿದ್ದಾರೆ, ನನಗೆ ಅಸಹ್ಯವಾದ ಸಂದೇಶಗಳು ಬರುತ್ತಿವೆ" ಎಂಬುದನ್ನು ಎಲ್ಲರೆದುರು ಹೇಳಿದಳು. ಆಮೇಲೆ ಪೊಲೀಸರು ಪ್ರಕರಣ ದಾಖಲಿಸಿ ಬಂಧನ ಮಾಡಿದರು.

2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಒಂದು ಕಾಫಿ ಅಂಗಡಿಯ ಹೆಣ್ಣುಮಕ್ಕಳ ಶೌಚಾಲಯದಲ್ಲಿ ಕಸದ ಡಬ್ಬಿಯೊಳಗೆ ಮೊಬೈಲ್ ಸಿಕ್ಕಿತು. ವಿಡಿಯೋ ಚಾಲೂ ಇತ್ತು. ಕರೆ ಬಂದರೆ ಸಪ್ಪಳವಾಗಬಾರದೆಂದು ಫೋನಿನ ಸಂಪರ್ಕ ಬಂದ್ ಮಾಡಿ ಇಡಲಾಗಿತ್ತು. ಒಬ್ಬ ಹೆಣ್ಣುಮಗಳು ಗಮನಿಸಿ ಕೂಗಿದ್ದರಿಂದ ವಿಷಯ ಹೊರಬಂತು. ಅಲ್ಲಿಯೇ ಕೆಲಸ ಮಾಡುತ್ತಿದ್ದವನ ಬಂಧನವಾಯಿತು.

ಈ ಮೂರೂ ಪ್ರಕರಣ ಬಯಲಾದದ್ದು ಯಾರೋ ನೋಡಿ ಬಾಯಿ ಬಿಟ್ಟಿದ್ದರಿಂದ.

ಕಾನೂನು ಏನು ಹೇಳುತ್ತದೆ?

ಎಲ್ಲ ಫೋಟೊ ಒಂದೇ ಅಲ್ಲ. ತಿಳಿಯಲು ಸುಲಭವಾಗಲಿ ಎಂದು ಮೂರು ಭಾಗ ಮಾಡಿದ್ದೇವೆ.

1. ಜಾತ್ರೆ, ಸಂತೆ, ಬಸ್ ಸ್ಟ್ಯಾಂಡಿನ ಫೋಟೊ

ಬಾಗೇವಾಡಿಯ ಬಸವೇಶ್ವರ ಜಾತ್ರೆಯ ಗದ್ದಲದ ಫೋಟೊ ತೆಗೆದಾಗ ಅದರಲ್ಲಿ ನಾವೂ ಬಂದರೆ ಅದು ತನ್ನಷ್ಟಕ್ಕೆ ಅಪರಾಧವಲ್ಲ. ಆದರೆ ಒಬ್ಬ ಹೆಣ್ಣುಮಗಳನ್ನೇ ಗುರಿ ಮಾಡಿ, ಹಿಂದೆ ಬಿದ್ದು, ಮತ್ತೆ ಮತ್ತೆ ತೆಗೆಯುವುದು, ಅಸಹ್ಯ ಮಾತು ಸೇರಿಸಿ ಹಂಚುವುದು ಬೇರೆ ವಿಷಯ. ಬೇಡವೆಂದರೂ ಹಿಂಬಾಲಿಸಿ ಕಾಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಮಾತು, ಸನ್ನೆ, ಕೃತ್ಯ ಮಾಡುವುದು 79ನೇ ಕಲಮಿಗೆ ಬರುತ್ತದೆ. ಅಶ್ಲೀಲವಾದುದನ್ನು ಮೊಬೈಲ್, ಅಂತರ್ಜಾಲದಲ್ಲಿ ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಇದೆ.

2. ಮರೆಯಲ್ಲಿರುವಾಗ ತೆಗೆದ ಫೋಟೊ

ಸ್ನಾನ, ಶೌಚ, ಬಟ್ಟೆ ಬದಲಿಸುವುದು, ಗಂಡ-ಹೆಂಡಿರ ಏಕಾಂತ - ಇಂತಹ ಸಮಯದಲ್ಲಿ ಹೆಣ್ಣನ್ನು ಕದ್ದು ನೋಡುವುದೇ ಅಪರಾಧ. ಫೋಟೊ ತೆಗೆದರೂ ಅಪರಾಧ, ಹಂಚಿದರೂ ಅಪರಾಧ. 2012ರ ಡಿಸೆಂಬರಿನ ದೆಹಲಿ ಘಟನೆಯ ನಂತರ 2013ರಲ್ಲಿ ಕಾನೂನು ತಿದ್ದುಪಡಿಯಾಗಿ ಇದು ಭಾರತೀಯ ದಂಡ ಸಂಹಿತೆಯ 354-ಸಿ ಕಲಮಾಗಿ ಬಂತು. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 77ನೇ ಕಲಂ. ಮೊದಲ ಸಲ ತಪ್ಪು ಸಾಬೀತಾದರೆ 1 ವರ್ಷಕ್ಕೆ ಕಡಿಮೆಯಿಲ್ಲದೆ 3 ವರ್ಷದವರೆಗೆ ಜೈಲು ಮತ್ತು ದಂಡ. ಎರಡನೇ ಸಲವಾದರೆ 3ರಿಂದ 7 ವರ್ಷ ಮತ್ತು ದಂಡ.

"ನಮ್ಮ ಬಚ್ಚಲಿಗಿ ಬಾಗಲಾನ ಇಲ್ಲರೀ, ಸೀರಿ ಅಡ್ಡ ಕಟ್ಟೀವಿ. ಅದಕ್ಕೂ ಕಾನೂನು ಐತೇನ್ರೀ?" ಎಂದು ನೀವು ಕೇಳಬಹುದು. ಐತ್ರೀ. ಕಾನೂನು ಗೋಡೆಯ ಗಟ್ಟಿತನವನ್ನು ಅಳೆಯುವುದಿಲ್ಲ. ಆ ಸಂದರ್ಭದಲ್ಲಿ ಯಾರೂ ನೋಡುವುದಿಲ್ಲವೆಂದು ಅವಳು ನಂಬುವುದು ಸಹಜವೇ ಎಂದು ಕೇಳುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಇ ಕಲಂ ಒಂದು ಹೆಜ್ಜೆ ಮುಂದೆ ಹೋಗಿದೆ. ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗಗಳ ಚಿತ್ರ ತೆಗೆಯುವುದು, ಕಳಿಸುವುದು, ಪ್ರಕಟಿಸುವುದು ಅಪರಾಧ. ಮೈಮೇಲೆ ಒಳ ಉಡುಪಿದ್ದರೂ ಅಪರಾಧ. ಸ್ಥಳ ಖಾಸಗಿಯೋ ಸಾರ್ವಜನಿಕವೋ ಎಂಬುದು ಇಲ್ಲಿ ಮುಖ್ಯವಲ್ಲ. ಹಾಗಾಗಿ ಕೃಷ್ಣೆಯ ದಂಡೆ, ಭೀಮೆಯ ದಂಡೆ, ಕಾಲುವೆ, ಬಯಲು, ನೂಕುನುಗ್ಗಲಿನ ಬಸ್ಸು - ಎಲ್ಲಿಯೇ ಹೀಗಾದರೂ ದೂರು ಕೊಡಬಹುದು. ಶಿಕ್ಷೆ 3 ವರ್ಷದವರೆಗೆ ಜೈಲು, ಇಲ್ಲವೆ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

3. ನಾವೇ ಕೊಟ್ಟ ಫೋಟೊ ಬೇರೆಯವರ ಕೈಗೆ ಹೋದಾಗ

ಕೆಲವು ಸಲ ಫೋಟೊ ಒಪ್ಪಿಯೇ ತೆಗೆಸಿಕೊಂಡಿರುತ್ತೇವೆ. ನಂಬಿದವನಿಗೆ ಕಳಿಸಿರುತ್ತೇವೆ. ಮದುವೆ ಮಾತಿಗೆಂದು ಕೊಟ್ಟಿರುತ್ತೇವೆ. ಆಮೇಲೆ ಅದೇ ಫೋಟೊ ಊರೆಲ್ಲ ತಿರುಗಿದರೆ "ನೀನೇ ಕೊಟ್ಟಿದ್ದಲ್ಲ" ಎಂದು ಎಲ್ಲರೂ ಅವಳ ಮೇಲೇ ಬೀಳುತ್ತಾರೆ. ಆದರೆ ಅಂತಹ ಏಕಾಂತದ ಚಿತ್ರಗಳ ವಿಷಯದಲ್ಲಿ 77ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ: ತೆಗೆಯಲು ಒಪ್ಪಿಗೆ ಬೇರೆ, ಹಂಚಲು ಒಪ್ಪಿಗೆ ಬೇರೆ.

ನಮ್ಮ ಸಂಘದ ಲೆಕ್ಕದಿಂದಲೇ ಇದನ್ನು ತಿಳಿಯೋಣ. ನೀವು ವಾರದ ಉಳಿತಾಯವನ್ನು ಪ್ರತಿನಿಧಿಯ ಕೈಗೆ ಕೊಡುತ್ತೀರಿ. ಕೊಟ್ಟಿದ್ದೀರಿ ಅಂತ ಅವರು ಅದನ್ನು ತಮ್ಮ ಮನೆಯ ಖರ್ಚಿಗೆ ಬಳಸಬಹುದೇ? ಇಲ್ಲ. ಕೊಟ್ಟ ಉದ್ದೇಶ ಬೇರೆ ಇತ್ತು. ಫೋಟೊಕ್ಕೂ ಇದೇ ನ್ಯಾಯ.

ಈಗ ಇನ್ನೊಂದು ಕಾಟವೂ ಸೇರಿದೆ. ವಾಟ್ಸಾಪ್‌ನಲ್ಲಿ ಹಾಕಿದ ಮುಖದ ಫೋಟೊ ತೆಗೆದುಕೊಂಡು ಬೇರೆ ಮೈಗೆ ಅಂಟಿಸುತ್ತಾರೆ. ನೋಡಿದವರಿಗೆ ನಿಜವೇ ಅನ್ನಿಸುತ್ತದೆ. ಇಂತಹ ಸುಳ್ಳು ಚಿತ್ರದ ಮೇಲೂ ದೂರು ಕೊಡಬಹುದು.

18 ವರ್ಷದೊಳಗಿನ ಮಕ್ಕಳ ವಿಷಯವಾದರೆ 2012ರ ಪೋಕ್ಸೋ ಕಾಯ್ದೆ ಅನ್ವಯಿಸುತ್ತದೆ. ಮಕ್ಕಳ ಅಶ್ಲೀಲ ಚಿತ್ರವನ್ನು ಹಂಚುವುದಷ್ಟೇ ಅಲ್ಲ, ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದೂ ಅಪರಾಧ. ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು.

ಇವೆಲ್ಲದರ ಬುಡದಲ್ಲಿ ಒಂದು ದೊಡ್ಡ ಹಕ್ಕಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 80 ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಈ ಹಕ್ಕು ಶ್ರೀಮಂತರ ಬಂಗಲೆಗೆ ಎಷ್ಟೋ, ಸೀರೆ ಅಡ್ಡ ಕಟ್ಟಿದ ನಮ್ಮ ಬಚ್ಚಲಿಗೂ ಅಷ್ಟೇ.

ಸುಸನ್ನಳ ಕಥೆ

ಶ್ರೀಗ್ರಂಥದಲ್ಲಿ, ದಾನಿಯೇಲನ ಗ್ರಂಥದ 13ನೇ ಅಧ್ಯಾಯದಲ್ಲಿ ಒಂದು ಕಥೆಯಿದೆ. ಬಾಬಿಲೋನಿನಲ್ಲಿ ಸುಸನ್ನ ಎಂಬ ಸದ್ಗುಣಿ ಹೆಣ್ಣುಮಗಳಿದ್ದಳು. ಒಂದು ದಿನ ಬಿಸಿಲಿನ ಝಳಕ್ಕೆ ತನ್ನ ಮನೆಯ ತೋಟದಲ್ಲಿ ಸ್ನಾನ ಮಾಡಬೇಕೆಂದು ಬಾಗಿಲು ಹಾಕಿಸಿದಳು. ಇಬ್ಬರು ಹಿರಿಯರು ಮೊದಲೇ ಮರೆಯಲ್ಲಿ ಅಡಗಿ ಕುಳಿತು ನೋಡುತ್ತಿದ್ದರು. ಅವರು ಸಾಮಾನ್ಯರಲ್ಲ, ಜನರಿಗೆ ನ್ಯಾಯ ಹೇಳುವವರು. ಓಡಿ ಬಂದು, ನಮ್ಮ ಮಾತಿಗೆ ಒಪ್ಪು, ಇಲ್ಲದಿದ್ದರೆ ಒಬ್ಬ ಯುವಕನ ಜೊತೆ ಇದ್ದೆ ಎಂದು ಸಾಕ್ಷಿ ಹೇಳುತ್ತೇವೆ ಎಂದು ಬೆದರಿಸಿದರು.

ಸುಸನ್ನ ಒಪ್ಪಲಿಲ್ಲ. ಗಟ್ಟಿಯಾಗಿ ಕೂಗಿದಳು. ಹಿರಿಯರ ಮಾತು ನಂಬಿದ ಜನ ಅವಳಿಗೆ ಮರಣದಂಡನೆ ವಿಧಿಸಿದರು. ಆಗ ದಾನಿಯೇಲ ಎಂಬ ಹುಡುಗ ತಡೆದು ನಿಲ್ಲಿಸಿದ. ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ನೋಡಿದಿರಿ ಎಂದು ಕೇಳಿದ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಬೇರೆ ಮರ ಹೇಳಿದ. ಸುಳ್ಳು ಬಯಲಾಯಿತು. ಸುಸನ್ನ ಉಳಿದಳು.

ಎರಡು ಸಾವಿರ ವರ್ಷಕ್ಕೂ ಹಳೆಯ ಕಥೆ. ಮೊಬೈಲ್ ಒಂದು ಬಿಟ್ಟರೆ ಎಲ್ಲವೂ ಇಂದಿನದೇ. ಕದ್ದು ನೋಡುವುದು, ಬೆದರಿಸುವುದು, ಅವಳ ಮೇಲೆಯೇ ಕಳಂಕ ಹೊರಿಸುವುದು, ದೊಡ್ಡವರ ಮಾತು ಕೇಳಿ ಜನ ಕಲ್ಲು ಎತ್ತುವುದು. ಅವಳನ್ನು ಉಳಿಸಿದ್ದು ಎರಡು ಸಂಗತಿ: ಅವಳು ಕೂಗಿದ್ದು, ಮತ್ತು ತೀರ್ಪು ಹೇಳುವ ಮೊದಲು ವಿಚಾರಿಸಬೇಕೆಂದು ಒಬ್ಬನಾದರೂ ನಿಂತದ್ದು. ನಮ್ಮ ಊರಿನಲ್ಲಿ ಹಾಗೆ ನಿಲ್ಲುವುದು ಸಂಘದ ಕೆಲಸವಾಗಬೇಕು.

ತಪ್ಪು ಅವನದು, ಶಿಕ್ಷೆ ಇವಳಿಗೆ

ಒಂದು ಹುಡುಗಿಯ ಫೋಟೊ ಯಾರೋ ಕದ್ದು ತೆಗೆದರು ಎನ್ನೋಣ. ಮನೆಯಲ್ಲಿ ಗೊತ್ತಾದರೆ ಮೊದಲು ಏನಾಗುತ್ತದೆ? ಅವಳ ಕೈಯಲ್ಲಿನ ಫೋನು ಕಸಿದುಕೊಳ್ಳುತ್ತಾರೆ. ಶಾಲೆ, ಕಾಲೇಜು ಬಿಡಿಸುತ್ತಾರೆ. "ಇನ್ನ ಲಗೂನ ಮದುವಿ ಮಾಡಿಬಿಡೂನು" ಅನ್ನುತ್ತಾರೆ. ತೆಗೆದ ಹುಡುಗ ಮಾತ್ರ ಮರುದಿನವೂ ಬಸ್ ಸ್ಟ್ಯಾಂಡಿನಲ್ಲಿ ಆರಾಮಾಗಿ ನಿಂತಿರುತ್ತಾನೆ.

ಹುಡುಗಿಗೆ ಇದು ಮೊದಲೇ ಗೊತ್ತು. ಅದಕ್ಕೇ ಅವಳು ಹೇಳುವುದಿಲ್ಲ. ಅವಳು ಹೇಳುವುದಿಲ್ಲ ಎಂಬುದು ಬೆದರಿಸುವವನಿಗೆ ಗೊತ್ತು. ಅದಕ್ಕೇ ಅವನು ದುಡ್ಡು ಕೇಳುತ್ತಾನೆ, ಹೇಳಿದ ಕಡೆ ಬಾ ಅನ್ನುತ್ತಾನೆ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಅವನ ಕೈಯಲ್ಲಿರುವ ಫೋಟೊಕ್ಕಿಂತ ನಮ್ಮ ಮನೆಯವರ ಸಿಟ್ಟೇ ಅವನಿಗೆ ದೊಡ್ಡ ಆಯುಧ. ಆ ಆಯುಧ ಕಿತ್ತುಕೊಳ್ಳುವುದು ತಾಯಂದಿರಾದ ನಮ್ಮ ಕೈಯಲ್ಲಿದೆ.

ಇಂದು ರಾತ್ರಿಯೇ ನಿಮ್ಮ ಮಗಳಿಗೆ, ಸೊಸೆಗೆ ಒಂದು ಮಾತು ಹೇಳಿ: "ಯಾರರ ಹಿಂಗ ಮಾಡಿದ್ರ ಮೊದಲ ನನಗ ಹೇಳವಾ. ನಿನ್ನ ಸಾಲಿ ಬಿಡಸೂದಿಲ್ಲ, ನಿನ್ನ ಬೈಯೂದಿಲ್ಲ." ಈ ಒಂದು ಮಾತು ಅವಳ ಜೀವವನ್ನೇ ಉಳಿಸಬಹುದು.

ಹೀಗಾದರೆ ಏನು ಮಾಡಬೇಕು?

1. ಹೇಳಲು ಬಂದವಳನ್ನು ನಂಬಿರಿ. "ನೀ ಯಾಕ ಅಲ್ಲಿ ಹೋಗಿದ್ದಿ?" ಎಂಬ ಪ್ರಶ್ನೆ ಬೇಡ.

2. ದುಡ್ಡು ಕೊಡಬೇಡಿ, ಕರೆದ ಕಡೆ ಹೋಗಬೇಡಿ. ಬೆದರಿಸಿ ದುಡ್ಡು ಕೇಳುವುದು ಬೇರೆಯೇ ಅಪರಾಧ, ಅದನ್ನೂ ದೂರಿನಲ್ಲಿ ಬರೆಸಿ.

3. ಗಾಬರಿಯಲ್ಲಿ ಎಲ್ಲ ಅಳಿಸಬೇಡಿ. ಬಂದ ಸಂದೇಶ, ಫೋನ್ ನಂಬರು, ಖಾತೆಯ ಹೆಸರು, ದಿನ, ವೇಳೆ ಬರೆದಿಟ್ಟುಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆದಿಡಿ. ಆದರೆ "ನೋಡ್ರಿ ಏನ್ ಮಾಡ್ಯಾನ" ಎಂದು ಇನ್ನೊಬ್ಬರಿಗೆ ಕಳಿಸಬೇಡಿ. ಮಕ್ಕಳ ಚಿತ್ರವಾಗಿದ್ದರೆ ನಕಲು ಮಾಡಿಕೊಳ್ಳದೆ, ಫೋನನ್ನೇ ಪೊಲೀಸರಿಗೆ ತೋರಿಸಿ.

4. ಸಿಕ್ಕಿಬಿದ್ದವನನ್ನು ಹೊಡೆಯಬೇಡಿ. ಅವನ ಫೋನ್ ಬಿಚ್ಚಿ ತಡಕಾಡಬೇಡಿ. 112ಕ್ಕೆ ಕರೆ ಮಾಡಿ.

5. ಯಾವ ಪೊಲೀಸ್ ಠಾಣೆಯಲ್ಲಾದರೂ ದೂರು ಕೊಡಬಹುದು. "ಇದು ನಮ್ಮ ಹದ್ದಿಗೆ ಬರೂದಿಲ್ಲ" ಎಂದು ತಿರುಗಿ ಕಳಿಸುವಂತಿಲ್ಲ. 77, 78, 79ನೇ ಕಲಮಿನ ದೂರನ್ನು ಹೆಣ್ಣುಮಗಳು ಕೊಟ್ಟಾಗ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್.ಐ.ಆರ್. ಪ್ರತಿ ಪುಕ್ಕಟೆ ಕೊಡಬೇಕು. ತೆಗೆದುಕೊಳ್ಳದಿದ್ದರೆ ವಿಜಯಪುರದ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಬರೆದು ಕಳಿಸಿ. ವಿಜಯಪುರದಲ್ಲಿ ಸೈಬರ್ ಅಪರಾಧಗಳಿಗೆಂದೇ ಸಿ.ಇ.ಎನ್. ಠಾಣೆಯೂ ಇದೆ.

6. ಠಾಣೆಗೆ ಹೋಗಲು ಅಂಜಿಕೆಯಾದರೆ ಸೈಬರ್ ಸಹಾಯವಾಣಿ 1930, ಮಹಿಳಾ ಸಹಾಯವಾಣಿ 181, ಮಕ್ಕಳಿಗಾದರೆ 1098 ಇವೆ. ಕೇಂದ್ರ ಸರಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳ, ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಹಾಕಬಹುದು. ಓದು ಬಲ್ಲ ಮಗಳ ಸಹಾಯ ಪಡೆಯಿರಿ.

7. ಫೋಟೊ ಹಾಕಿರುವ ಕಂಪನಿಗೂ ಆ ಆ್ಯಪ್‌ನಲ್ಲಿಯೇ ದೂರು ಕೊಡಿ. ಏಕಾಂತದ ಚಿತ್ರ, ಮುಖ ಅಂಟಿಸಿದ ಚಿತ್ರಗಳ ಬಗ್ಗೆ ದೂರು ಬಂದರೆ 24 ಗಂಟೆ ಮೀರಿ ಅದನ್ನು ಉಳಿಸಿಕೊಳ್ಳುವಂತಿಲ್ಲ ಎಂದು 2021ರ ನಿಯಮಗಳೇ ಹೇಳಿದವು.

8. ವಕೀಲರ ಖರ್ಚಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೆ 15100ಕ್ಕೆ ಕರೆ ಮಾಡಿ.

9. ಒಬ್ಬಳನ್ನೇ ಕಳಿಸಬೇಡಿ. ಸಂಘದ ಇಬ್ಬರು ಜೊತೆಗೆ ಹೋಗಿ.

ನಮ್ಮ ಕೈಯಲ್ಲಿಯೂ ಫೋನಿದೆ

ಕದ್ದು ತೆಗೆಯುವವರೆಲ್ಲ ಕೆಟ್ಟ ಹುಡುಗರೇ ಅಲ್ಲ. ಅಪಘಾತದಲ್ಲಿ ಬಿದ್ದು ನರಳುವವರ ಫೋಟೊ, ಗಂಡ ಸತ್ತ ದುಃಖದಲ್ಲಿ ಬೋರಾಡಿ ಅಳುವವಳ ವಿಡಿಯೋ, ಅತ್ತಿ-ಸೊಸಿ ಜಗಳ, ಕುಡಿದು ಬಿದ್ದ ನೆರೆಮನೆಯವನ ಚಿತ್ರ - ಇವು ಯಾರ ಫೋನಿನಿಂದ ಹೊರಡುತ್ತವೆ? ಫೋನು ಎತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಆ ಜಾಗದಲ್ಲಿ ನನ್ನ ಅವ್ವ ಇದ್ದಿದ್ದರೆ?

ಕೆಲವು ಫೋಟೊ ಕೆಲಸಕ್ಕಾಗಿ ಬೇಕಾಗುತ್ತವೆ. ಉದ್ಯೋಗ ಖಾತ್ರಿ ಕೆಲಸದಲ್ಲಿ 2023ರ ಜನವರಿಯಿಂದ ಮೊಬೈಲಿನಲ್ಲಿ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಸಾಲದ ಕಂಪನಿಯವರು ತೆಗೆಯುತ್ತಾರೆ. ನಮ್ಮ ಸಂಸ್ಥೆಯವರೂ ತರಬೇತಿ, ಸಭೆಗಳ ಫೋಟೊ ತೆಗೆಯುತ್ತೇವೆ. ಹಾಜರಿಗೆ ತೆಗೆದದ್ದು ಹಾಜರಿಗೆ ಮಾತ್ರ. ಯಾರೇ ತೆಗೆಯಲಿ, "ಯಾತಕ್ಕ ತಗೀತೀರಿ, ಎಲ್ಲಿ ಹಾಕ್ತೀರಿ?" ಎಂದು ಕೇಳುವ ಹಕ್ಕು ನಿಮಗಿದೆ. ನಮ್ಮನ್ನೂ ಕೇಳಿರಿ. ಬೇಡವೆಂದು ಹೇಳಿದ ಸದಸ್ಯೆಯ ಸಾಲಕ್ಕಾಗಲಿ, ತರಬೇತಿಗಾಗಲಿ ಅದರಿಂದ ಅಡ್ಡಿಯಾಗಬಾರದು.

ದುಡಿಯಲು ಗೋವಾ, ಮುಂಬೈ, ಪುಣೆಗೆ ಹೋಗುವವರು ಅಲ್ಲಿನ ಸಾಮೂಹಿಕ ಬಚ್ಚಲು, ಶೌಚಾಲಯಗಳಲ್ಲಿ ಕಿಂಡಿ, ಕಸದ ಡಬ್ಬಿ, ಮೇಲಿನ ಕಿಟಕಿ ಒಮ್ಮೆ ನೋಡಿಕೊಳ್ಳಿ. ಇದು ಜಾಗ್ರತೆಯಷ್ಟೇ. ನೋಡಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ತಪ್ಪು ಯಾರದೂ ನಮ್ಮ ಕಡೆಗೆ ತಿರುಗುವುದಿಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ

- ನಮ್ಮ ಊರಲ್ಲಿ ಹೆಣ್ಣುಮಕ್ಕಳು ಸ್ನಾನಕ್ಕೆ, ಶೌಚಕ್ಕೆ ಹೋಗುವ ಯಾವ ಜಾಗ ಮರೆಯಿಲ್ಲದೆ ಇದೆ? ಅದರ ಬಗ್ಗೆ ಗ್ರಾಮ ಪಂಚಾಯಿತಿಗೆ ಸಂಘದಿಂದ ಅರ್ಜಿ ಕೊಡಬಹುದೇ?
- ಇಂತಹ ತೊಂದರೆಯಾದ ಹುಡುಗಿ ನಮ್ಮ ಸಂಘದಲ್ಲಿ ಯಾರ ಹತ್ತಿರ ಬಂದು ಹೇಳಬಹುದು? ಗುಟ್ಟು ಕಾಯುವ ಇಬ್ಬರನ್ನು ಆರಿಸಿರಿ.
- ನಮ್ಮ ಗಂಡುಮಕ್ಕಳಿಗೆ ಈ ವಿಷಯ ಯಾರು, ಹೇಗೆ ಹೇಳಬೇಕು?

ಚರ್ಚೆಯಾದ ಮೇಲೆ ಎರಡು ಠರಾವುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ, ಹೆಬ್ಬೆಟ್ಟು ಹಾಕಿರಿ. ಒಂದು: ಕೇಳದೆ ತೆಗೆದ ಯಾರದೇ ಫೋಟೊ ನಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸುವುದಿಲ್ಲ. ಎರಡು: ಫೋಟೊದ ಕಾರಣಕ್ಕೆ ನಮ್ಮ ಸಂಘದ ಯಾವ ಮನೆಯ ಹುಡುಗಿಯೂ ಶಾಲೆ ಬಿಡಬಾರದು.

ಉಳಿತಾಯದ ಪುಸ್ತಕದಲ್ಲಿ ಒಂದು ರೂಪಾಯಿ ತಪ್ಪಿದರೂ ನಾವು ಬಿಡುವುದಿಲ್ಲ, ಯಾರ ಕೈಯಿಂದ ತಪ್ಪಿತು ಎಂದು ಕೇಳುತ್ತೇವೆ. ನಮ್ಮ ಮಕ್ಕಳ ಮಾನದ ಲೆಕ್ಕವನ್ನೂ ಹಾಗೆಯೇ ಕೇಳೋಣ. ತಲೆ ತಗ್ಗಿಸಬೇಕಾದವನು ಕದ್ದು ತೆಗೆದವನು.